ಬಿಡುವಿಲ್ಲದ ಮನೆಯಲ್ಲಿ ಧಾರಾವಾಹಿ

ಟೆಲಿವಿಷನ್ ಧಾರಾವಾಹಿ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಸಾಹಿತ್ಯವಲಯದಲ್ಲಿ ಒಂದು ತೆಳುನಗೆ ಮೂಡುವುದುಂಟು. ಅದನ್ನು ನೋಡುವವರು ಕಾಲಹರಣ ಮಾಡುವವರು, ಬರೆಯುವವರು ರಬ್ಬರಿನಂತೆ ಎಳೆಯುವವರು, ಅದರ ವಿಷಯವಾಗಿ ಮಾತನಾಡುವವರಿಗೆ ಬೇರೆ ಉದ್ಯೋಗವಿಲ್ಲ ಎಂಬ ತೀರ್ಮಾನ ಮೊದಲೇ ಸಿದ್ಧವಾಗಿರುತ್ತದೆ. ಬಹುಕಾಲ ಕನ್ನಡ ಪಾಠ ಹೇಳಿ ನಿವೃತ್ತನಾದ ನನಗೆ ಈ ತೀರ್ಮಾನ ಚಿರಪರಿಚಿತ. ಅದರ ಸರಿತಪ್ಪುಗಳನ್ನು ಸದ್ಯಕ್ಕೆ ಬದಿಗಿಡೋಣ. ಇಂದು ನಾನು ಎತ್ತಿಕೊಂಡಿರುವ ಪ್ರಶ್ನೆ ಬೇರೆಯದು. ಬಿಡುವೆಂಬುದೇ ಇಲ್ಲದ ಸಂಸಾರದಲ್ಲಿ, ದಿನಕ್ಕೆ ಅರ್ಧ ಗಂಟೆಯ ಕಥೆಯೊಂದನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ, ಎಳೆ ತಪ್ಪದಂತೆ ಹಿಂಬಾಲಿಸುವುದು ಹೇಗೆ? ಹಾಗೆ ಹಿಂಬಾಲಿಸುವವರು ಯಾರು? ಶ್ರೋತೃಗಳು ಒಪ್ಪುವುದಾದರೆ, ಇದನ್ನು ಒಂದು ಸಾಹಿತ್ಯಕ ಪ್ರಶ್ನೆಯೆಂದೇ ಭಾವಿಸಿ ಸ್ವಲ್ಪ ಹೊತ್ತು ವಿಚಾರ ಮಾಡೋಣ.

ನಮ್ಮ ಗೇರುಸೊಪ್ಪ ಹೊನ್ನಾವರದಿಂದ ಸುಮಾರು 30 ಕಿಲೋಮೀಟರು ಒಳಗೆ, ಘಟ್ಟದ ಬುಡದಲ್ಲಿ, ಶರಾವತಿಯ ದಂಡೆಯ ಮೇಲಿದೆ. ಚತುರ್ಮುಖ ಬಸದಿಯಿಂದಲೂ, ಪೋರ್ತುಗೀಸರು ಮೆಣಸಿನ ರಾಣಿಯೆಂದು ಕರೆದ ಚೆನ್ನಭೈರಾದೇವಿಯಿಂದಲೂ ಊರಿನ ಹೆಸರು ನಿಮಗೆ ಪರಿಚಿತವಾಗಿರಬಹುದು. ಇಲ್ಲಿನ ಅಡಿಕೆ ತೋಟದ ಮನೆಯೊಂದರ ಸಂಜೆಯನ್ನು ನೆನೆದುಕೊಳ್ಳಿ. ಆರು ಗಂಟೆಗೆ ಕೊಟ್ಟಿಗೆಯಲ್ಲಿ ಹಾಲು ಕರೆಯಬೇಕು. ದೇವರ ಮುಂದೆ ದೀಪವಾಗಬೇಕು. ತೋಟದಿಂದ ಬಂದವರಿಗೆ ಚಹಾ, ಶಾಲೆಯಿಂದ ಬಂದ ಮಕ್ಕಳಿಗೆ ತಿಂಡಿ, ಅವರ ಲೆಕ್ಕದ ಪುಸ್ತಕದ ಮೇಲೊಂದು ಕಣ್ಣು. ಹಿರಿಯರಿಗೆ ಊಟಕ್ಕೆ ಮೊದಲಿನ ಮಾತ್ರೆ, ಊಟದ ನಂತರದ ಮಾತ್ರೆ. ರಾತ್ರಿಯ ಅಡುಗೆ, ಬೆಳಗಿನ ದೋಸೆಗೆ ಅಕ್ಕಿ ರುಬ್ಬುವುದು. ಅಡಿಕೆ ಸುಲಿಯುವ ದಿನಗಳಾದರೆ ಊಟವಾದ ಮೇಲೆ ಮೆಟ್ಟುಗತ್ತಿಯ ಮುಂದೆ ಇನ್ನೊಂದು ಪಾಳಿ. ನಮ್ಮ ಪ್ರಮುಖ ಧಾರಾವಾಹಿಗಳೆಲ್ಲ ಬರುವುದು ಈ ಆರರಿಂದ ಹತ್ತರ ನಡುವೆ. ಮನೆಯಲ್ಲಿ ಕೆಲಸಗಳು ಒಂದರ ಮೇಲೊಂದು ಬಂದು ಬೀಳುವ ಹೊತ್ತಿಗೇ ಕಥೆಯೂ ಬಂದು ಬಾಗಿಲು ತಟ್ಟುತ್ತದೆ. ಹೊನ್ನಾವರದ ಕಾಸರಕೋಡಿನಲ್ಲಿ ದಿನವಿಡೀ ಮೀನು ಮಾರಿ ಮನೆಗೆ ಮರಳುವ ಹೆಣ್ಣುಮಗಳ ಸಂಜೆಯಾಗಲಿ, ಕುಮಟೆಯಲ್ಲಿ ಕಚೇರಿ ಮುಗಿಸಿ ಬಸ್ಸು ಹಿಡಿಯುವವಳ ಸಂಜೆಯಾಗಲಿ ಇದಕ್ಕಿಂತ ಹಗುರವಾದದ್ದಲ್ಲ.

ಹಾಗಿದ್ದೂ ಈಕೆ ಕಥೆಯ ಎಳೆಯನ್ನು ಬಿಡುವುದಿಲ್ಲ. ಹೇಗೆ? ಈಕೆ ಧಾರಾವಾಹಿಯನ್ನು ನೋಡುವುದಕ್ಕಿಂತ ಹೆಚ್ಚಾಗಿ ಕೇಳುತ್ತಾಳೆ. ಜಗುಲಿಯಲ್ಲೋ ನಡುಮನೆಯಲ್ಲೋ ಇರುವ ಪೆಟ್ಟಿಗೆಯ ಧ್ವನಿ ಅಡುಗೆಮನೆಗೆ ತಲುಪುವಷ್ಟಿದ್ದರೆ ಸಾಕು. ಒಗ್ಗರಣೆ ಸಿಡಿಯುವ ಸದ್ದಿನ ನಡುವೆಯೂ ಯಾವ ಪಾತ್ರ ಮಾತನಾಡುತ್ತಿದೆ, ಯಾರಿಗೆ ಸಿಟ್ಟು ಬಂದಿದೆ, ಯಾರು ಸುಳ್ಳು ಹೇಳುತ್ತಿದ್ದಾರೆ ಎಂಬುದು ಆಕೆಗೆ ಗೊತ್ತಾಗುತ್ತದೆ. ಹಿನ್ನೆಲೆಯ ವಾದ್ಯ ಹಠಾತ್ತನೆ ಏರಿತೆಂದರೆ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ಒಂದು ಕ್ಷಣ ಪರದೆಯತ್ತ ನೋಡಿ, ಸಾರು ಉಕ್ಕುವುದರೊಳಗೆ ಹಿಂತಿರುಗುತ್ತಾಳೆ.

ವಿಮರ್ಶಕರು ಧಾರಾವಾಹಿಯ ದೋಷಗಳೆಂದು ಪಟ್ಟಿ ಮಾಡುವ ಅನೇಕ ಸಂಗತಿಗಳ ಮರ್ಮ ಇಲ್ಲಿದೆ. ಪಾತ್ರಗಳು ಒಂದನ್ನೊಂದು ಮತ್ತೆ ಮತ್ತೆ ಹೆಸರಿಟ್ಟು ಕರೆಯುತ್ತವೆ. ನಡೆದದ್ದನ್ನೇ ಇನ್ನೊಬ್ಬರಿಗೆ ಪುನಃ ವಿವರಿಸುತ್ತವೆ. ಪ್ರತಿಯೊಂದು ಕಂತು ಹಿಂದಿನ ಕಂತಿನ ಬಾಲವನ್ನು ಹಿಡಿದುಕೊಂಡೇ ಆರಂಭವಾಗುತ್ತದೆ. ಪುಸ್ತಕದ ಮುಂದೆ ಏಕಾಗ್ರನಾಗಿ ಕುಳಿತ ಓದುಗನಿಗೆ ಇದು ಪುನರುಕ್ತಿ. ಕೊಟ್ಟಿಗೆಗೂ ಒಲೆಗೂ ನಡುವೆ ಓಡಾಡುವ ಕೇಳುಗಳಿಗೆ ಇದೇ ದಾರಿದೀಪ. ಹತ್ತು ನಿಮಿಷ ಕಥೆಯಿಂದ ಹೊರಗೆ ಹೋಗಿ ಬಂದವಳು ದಾರಿ ತಪ್ಪದಿರಲೆಂದೇ ಈ ಪ್ರಕಾರ ಹೀಗೆ ಬೆಳೆದಿದೆ.

ಇದರ ಜನ್ಮವೃತ್ತಾಂತವೂ ಈ ಮಾತಿಗೆ ಸಾಕ್ಷಿ. ಧಾರಾವಾಹಿ ಟೆಲಿವಿಷನ್ನಿನ ಕೂಸಲ್ಲ, ನಾನೀಗ ಮಾತನಾಡುತ್ತಿರುವ ಈ ರೇಡಿಯೋದ ಕೂಸು. 1930ರಲ್ಲಿ ಅಮೆರಿಕದ ಶಿಕಾಗೋ ನಗರದ ಬಾನುಲಿ ನಿಲಯವೊಂದಕ್ಕೆ ಇರ್ನಾ ಫಿಲಿಪ್ಸ್ ಎಂಬ ಲೇಖಕಿ ಬರೆದ ‘ಪೇಂಟೆಡ್ ಡ್ರೀಮ್ಸ್’ ಈ ಬಗೆಯ ಮೊದಲ ಕೃತಿಗಳಲ್ಲೊಂದು. ಹಗಲಿನಲ್ಲಿ ಮನೆಗೆಲಸ ಮಾಡುತ್ತ ರೇಡಿಯೋ ಕೇಳುವ ಗೃಹಿಣಿಯರೇ ಅದರ ಶ್ರೋತೃವರ್ಗ. ಅವರಿಗೆ ಸಾಬೂನು ಮಾರಬಯಸಿದ ಕಂಪನಿಗಳು ಪ್ರಾಯೋಜಕರಾಗಿ ಬಂದದ್ದರಿಂದ ಇವುಗಳಿಗೆ ಸೋಪ್ ಆಪೆರಾ ಎಂಬ ಕೊಂಕಿನ ಹೆಸರು ಅಂಟಿಕೊಂಡಿತು. ಅದೇ ಲೇಖಕಿಯ ‘ಗೈಡಿಂಗ್ ಲೈಟ್’ 1937ರಲ್ಲಿ ರೇಡಿಯೋದಲ್ಲಿ ಮೊದಲಾಗಿ, 1952ರಲ್ಲಿ ಟೆಲಿವಿಷನ್ನಿಗೆ ಬಂದು, 2009ರವರೆಗೆ ನಡೆಯಿತು. ನಮ್ಮ ಧಾರಾವಾಹಿಗಳ ಉದ್ದವನ್ನು ಕಂಡು ನಿಟ್ಟುಸಿರು ಬಿಡುವವರು ಈ 72 ವರ್ಷಗಳನ್ನು ನೆನೆದು ಸಮಾಧಾನ ತಂದುಕೊಳ್ಳಬಹುದು. ಕೈಗೆ ಕೆಲಸವಿದ್ದು ಕಿವಿ ಮಾತ್ರ ಬಿಡುವಾಗಿರುವ ಹೆಂಗಸಿಗಾಗಿ ಹುಟ್ಟಿದ ಕಥಾಪ್ರಕಾರವಿದು. ಪರದೆಗೆ ಬಂದ ಮೇಲೂ ಅದು ತನ್ನ ಮೊದಲ ಶ್ರೋತೃವನ್ನು ಮರೆತಿಲ್ಲ.

ಅರ್ಧ ಗಮನದಲ್ಲಿ ಕಥೆ ಕೇಳುವ ಕಲೆ ನಮ್ಮ ಸೀಮೆಗೆ ಹೊಸದೇನಲ್ಲ. ಹೊನ್ನಾವರ ತಾಲೂಕು ಯಕ್ಷಗಾನದ ತವರುಗಳಲ್ಲೊಂದು. ಗುಣವಂತೆಯ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳವನ್ನು ಕಟ್ಟಿದರು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಇದೇ ನೆಲದಿಂದ ಬಂದವರು. ರಾತ್ರಿಯಿಡೀ ನಡೆಯುತ್ತಿದ್ದ ಆಟವನ್ನು ಆದ್ಯಂತ ಕಣ್ಣು ಮುಚ್ಚದೆ ನೋಡಿದವರು ಎಷ್ಟು ಮಂದಿ? ಒಂದು ನಿದ್ದೆ ತೆಗೆದು, ಚಂಡೆಯ ಸದ್ದಿಗೆ ಎಚ್ಚರಗೊಂಡು, ಮಗುವನ್ನು ಮಡಿಲಲ್ಲಿ ಸರಿಪಡಿಸಿಕೊಂಡು ಮತ್ತೆ ಪ್ರಸಂಗದೊಳಕ್ಕೆ ಪ್ರವೇಶಿಸುವುದು ನಮ್ಮ ತಾಯಂದಿರಿಗೆ ಸಹಜವಾಗಿತ್ತು. ಭಾಗವತರ ಪದ್ಯ ಅವರನ್ನು ಕಥೆಯ ಯಾವ ಘಟ್ಟದಲ್ಲಿದ್ದೇವೆಂಬಲ್ಲಿಗೆ ಕೈಹಿಡಿದು ತಂದು ಬಿಡುತ್ತಿತ್ತು. ಕಥೆ ಮೊದಲೇ ತಿಳಿದಿದ್ದರಿಂದ ತಪ್ಪಿದ ಭಾಗಕ್ಕಾಗಿ ಕಳವಳವಿರಲಿಲ್ಲ.

1987ರ ಜನವರಿ 25ರಂದು ದೂರದರ್ಶನದಲ್ಲಿ ರಮಾನಂದ ಸಾಗರರ ‘ರಾಮಾಯಣ’ ಮೊದಲಾದಾಗಲೂ ಇದೇ ಅನುಕೂಲವಿತ್ತು. ಅಂದು ನಮ್ಮ ಕಡೆ ಟೆಲಿವಿಷನ್ ಇದ್ದ ಮನೆಗಳು ವಿರಳ. ಸುತ್ತಲಿನ ಗುಡ್ಡಗಳು ಪ್ರಸಾರದ ಅಲೆಗಳನ್ನು ತಡೆಯುತ್ತಿದ್ದುದರಿಂದ, ಒಬ್ಬನು ಮಾಡಿನ ಮೇಲೆ ನಿಂತು ಆಂಟೆನಾ ತಿರುಗಿಸುವುದು, ಇನ್ನೊಬ್ಬನು ಒಳಗಿನಿಂದ ‘ಬಂತು, ಬಂತು, ಹೋಯ್ತು’ ಎಂದು ಕೂಗುವುದು ವಾರದ ವಿಧಿಯೇ ಆಗಿತ್ತು. ಹಿಂದಿಯ ಗಂಧವಿಲ್ಲದ ಅಜ್ಜಿಯರೂ ಚಾಪೆಯ ಮೇಲೆ ಮುಂದಿನ ಸಾಲಿನಲ್ಲಿ ಕುಳಿತಿರುತ್ತಿದ್ದರು. ಮಾತು ತಿಳಿಯದಿದ್ದರೂ ಕಥೆ ತಿಳಿದಿತ್ತು. ಅದು ವಾರಕ್ಕೊಮ್ಮೆ, ಅದೂ ಭಾನುವಾರ ಬೆಳಿಗ್ಗೆ. ಮನೆಯ ಕೆಲಸವನ್ನೆಲ್ಲ ಆ ಹೊತ್ತಿಗೆ ಮುಗಿಸಿಕೊಳ್ಳಲು ಇಡೀ ಮನೆಯೇ ಕೈಜೋಡಿಸುತ್ತಿತ್ತು. ಎಲ್ಲರಿಗೂ ಬೇಕಾದ ಕಥೆಯಾಗಿದ್ದರಿಂದ ಎಲ್ಲರೂ ಸೇರಿ ಅದಕ್ಕೊಂದು ಬಿಡುವನ್ನು ಸೃಷ್ಟಿಸಿದರು. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಕನ್ನಡದ ದೈನಿಕ ಧಾರಾವಾಹಿಗಳು ಬಂದ ಮೇಲೆ ಲೆಕ್ಕ ಬದಲಾಯಿತು. 1998ರಲ್ಲಿ ಟಿ. ಎನ್. ಸೀತಾರಾಮ್ ಅವರ ತಂಡದ ‘ಮಾಯಾಮೃಗ’ ದೂರದರ್ಶನದಲ್ಲಿ ಪ್ರಸಾರವಾದಾಗ, ಮಧ್ಯಮವರ್ಗದ ಮನೆಯೊಳಗಿನ ಮಾತು ಅದೇ ಬನಿಯಲ್ಲಿ ಪರದೆಯ ಮೇಲೆ ಕೇಳಿಬಂತು. 1994ರಲ್ಲಿ ಉದಯ ಟಿವಿ, 2000ದಲ್ಲಿ ಈಟಿವಿ ಕನ್ನಡ, ಅನಂತರ ಇನ್ನೂ ಹಲವು ವಾಹಿನಿಗಳು ಬಂದವು. ಕಥೆ ವಾರಕ್ಕೆ ಒಂದರ ಬದಲು ಐದಾರು ದಿನ ಬರತೊಡಗಿತು. ಇಲ್ಲಿನ ಕಥೆ ಪುರಾಣದಂತೆ ಪೂರ್ವಪರಿಚಿತವಲ್ಲ. ಒಂದು ದಿನ ತಪ್ಪಿದರೆ ಒಂದು ತಿರುವೇ ತಪ್ಪಬಹುದು.

ತಪ್ಪುವುದಕ್ಕೆ ನಮ್ಮಲ್ಲಿ ಕಾರಣಗಳೂ ಹೇರಳ. ಹೊನ್ನಾವರದ ಸೀಮೆಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಆಷಾಢದ ಗಾಳಿಗೆ ಮರವೊಂದು ತಂತಿಯ ಮೇಲೆ ಬಿದ್ದರೆ ಊರು ಕತ್ತಲು. ಮೇಲೆ 1964ರ ಲಿಂಗನಮಕ್ಕಿ, ಕೆಳಗೆ ನಮ್ಮದೇ ಗೇರುಸೊಪ್ಪ ಅಣೆಕಟ್ಟಿನ 240 ಮೆಗಾವಾಟಿನ ಸ್ಥಾವರ. ನಾಡಿಗೆ ಬೆಳಕು ಕೊಡುವ ಶರಾವತಿಯ ದಂಡೆಯ ಮೇಲೆ, ನ್ಯಾಯಾಲಯದಲ್ಲಿ ಸಾಕ್ಷಿ ಬಾಯಿ ತೆರೆಯುವ ಗಳಿಗೆಯಲ್ಲಿಯೇ ಪರದೆ ಕಪ್ಪಾಗುವುದನ್ನು ದೈವವಿಲಾಸವೆನ್ನದೆ ಬೇರೇನೆನ್ನೋಣ! ಇನ್ನು ನೆಂಟರು ಬಂದರು, ಹಸು ಕರು ಹಾಕಿತು, ಮಗುವಿಗೆ ಜ್ವರ ಬಂತು ಎಂಬ ಕಾರಣಗಳನ್ನು ಎಣಿಸಿ ಪೂರೈಸುವಂತಿಲ್ಲ.

ಹಾಗೆ ತಪ್ಪಿದ ಕಂತು ಮಾರನೆಯ ಬೆಳಿಗ್ಗೆ ಬೇಲಿಯ ಬಳಿ ದೊರೆಯುತ್ತಿತ್ತು. ‘ಅತ್ತಿಗೆ, ನಿನ್ನೆ ಎಂತಾ ಆತು?’ ಎಂದು ಒಬ್ಬಳು ಕೇಳುವಳು. ಬ್ಯಾಟರಿ ಇಟ್ಟುಕೊಂಡ ಮನೆಯವಳೋ, ಕರೆಂಟು ಹೋಗದ ಕೇರಿಯವಳೋ ಹೇಳುವಳು. ಅರ್ಧ ಗಂಟೆಯ ಕಥೆ ಆಕೆಯ ಬಾಯಲ್ಲಿ ಐದಾರು ವಾಕ್ಯವಾಗುತ್ತಿತ್ತು. ಜಾಹೀರಾತು ಬಿದ್ದುಹೋಯಿತು, ಎಳೆದಾಟ ಬಿದ್ದುಹೋಯಿತು, ಸಾರ ಉಳಿಯಿತು. ಅಷ್ಟಕ್ಕೇ ನಿಲ್ಲದೆ, ‘ಆ ಸೊಸೆ ಅಷ್ಟು ದಿನ ಬಾಯಿಮುಚ್ಚಿಕೊಂಡು ಇದ್ದದ್ದೇ ತಪ್ಪು’ ಎಂದೋ, ‘ಅವನ ಜಾಗದಲ್ಲಿ ಯಾರಿದ್ದರೂ ಹಾಗೇ ಮಾಡುತ್ತಿದ್ದರು’ ಎಂದೋ ತನ್ನ ತೀರ್ಪನ್ನು ಸೇರಿಸುತ್ತಿದ್ದಳು. ಕೇಳಿದವಳು ಒಪ್ಪುವಳು, ಇಲ್ಲವೇ ವಾದಿಸುವಳು. ಸಂಗ್ರಹ, ವ್ಯಾಖ್ಯಾನ, ವಿಮರ್ಶೆ ಎಂದು ನಾವು ತರಗತಿಯಲ್ಲಿ ಬೇರೆ ಬೇರೆ ಹೆಸರಿಟ್ಟು ಕಲಿಸುವುದೆಲ್ಲ ಅಲ್ಲಿ ಒಟ್ಟಿಗೇ ನಡೆಯುತ್ತಿತ್ತು. ಅದರ ಜೊತೆಗೆ ಇನ್ನೂ ಒಂದು ನಡೆಯುತ್ತಿತ್ತು. ತನ್ನ ಮನೆಯ ಅತ್ತೆಯ ವಿಷಯವಾಗಿ, ತನ್ನ ಗಂಡನ ಮೌನದ ವಿಷಯವಾಗಿ ನೇರವಾಗಿ ಆಡಲಾಗದ ಮಾತನ್ನು ಧಾರಾವಾಹಿಯ ಪಾತ್ರದ ಮೇಲೆ ಹೊರಿಸಿ ಆಡಬಹುದಾಗಿತ್ತು. ಬೇಲಿಯಾಚೆ ನಿಂತವಳಿಗೂ ಅದು ಅರ್ಥವಾಗುತ್ತಿತ್ತು.

ಈಗ ಮೊಬೈಲ್ ಫೋನು ಬಂದಿದೆ. ತಪ್ಪಿದ ಕಂತನ್ನು ಯಾವಾಗ ಬೇಕಾದರೂ ನೋಡಬಹುದು. ಇದೊಂದು ದೊಡ್ಡ ಉಪಕಾರವೆಂಬುದರಲ್ಲಿ ಸಂದೇಹವಿಲ್ಲ. ಕರೆಂಟಿನ ಹಂಗು ತಪ್ಪಿತು, ಗಂಟೆಯ ಹಂಗು ತಪ್ಪಿತು. ಆದರೆ ಆ ‘ಯಾವಾಗ ಬೇಕಾದರೂ’ ಎಂಬುದು ಎಷ್ಟು ಹೊತ್ತಿಗೆ ಬರುತ್ತದೆಂದು ಸ್ವಲ್ಪ ಗಮನಿಸಿ ನೋಡಿ. ಎಲ್ಲರ ಊಟವಾಗಿ, ಪಾತ್ರೆ ತೊಳೆದು, ಅಡುಗೆಮನೆಯ ದೀಪ ಆರಿಸಿ, ರಾತ್ರಿ ಹನ್ನೊಂದರ ಹೊತ್ತಿಗೆ ಕಿವಿಗೆ ತಂತಿ ಸಿಕ್ಕಿಸಿಕೊಂಡು, ಮಲಗಿದವರಿಗೆ ಎಚ್ಚರವಾಗದಂತೆ ಆಕೆ ನೋಡುತ್ತಾಳೆ. ಆ ಅರ್ಧ ಗಂಟೆಯನ್ನು ಅವಳು ಕೊಂಡುಕೊಳ್ಳುವುದು ತನ್ನ ನಿದ್ದೆಯಿಂದ. ಬೆಳಿಗ್ಗೆ ‘ಎಂತಾ ಆತು’ ಎಂದು ಕೇಳುವ ಅಗತ್ಯವೂ ಇಲ್ಲ. ಅವರವರ ಕಂತು ಅವರವರ ಕೈಯಲ್ಲಿದೆ.

ಕೇಂದ್ರ ಸರ್ಕಾರದ ಸಾಂಖ್ಯಿಕ ಕಚೇರಿ 2019ರಲ್ಲಿ ಜನರ ದಿನಚರಿಯ ಸಮೀಕ್ಷೆಯೊಂದನ್ನು ನಡೆಸಿತು. ದೇಶದಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಅಂಥ ಕೆಲಸ ಮಾಡುವ ಗಂಡಸರು 97 ನಿಮಿಷ ಕೊಡುತ್ತಾರೆ ಎಂದು ಅದು ತಿಳಿಸಿತು. ಗಂಡಸರಲ್ಲಿ ಅಂಥ ಕೆಲಸಕ್ಕೆ ಕೈ ಹಾಕುವವರೇ ಕಡಿಮೆಯೆಂಬುದನ್ನೂ ಇಲ್ಲಿ ಸೇರಿಸಿಕೊಳ್ಳಬೇಕು. ಧಾರಾವಾಹಿ ನೋಡುವುದು ಕಾಲಹರಣವೆಂದು ಹೇಳುವ ಮೊದಲು ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟುಕೊಳ್ಳುವುದು ನ್ಯಾಯ. ಮನೆಯ ಯಜಮಾನ ಆರಾಮಕುರ್ಚಿಯಲ್ಲಿ ಕುಳಿತು ಸುದ್ದಿಯ ಚರ್ಚೆಯನ್ನೋ ಕ್ರಿಕೆಟ್ಟನ್ನೋ ಎರಡು ತಾಸು ನೋಡಿದರೆ ಅದು ಲೋಕಜ್ಞಾನವೆನ್ನಿಸಿಕೊಳ್ಳುತ್ತದೆ. ಆಕೆ ನಿಂತುಕೊಂಡೇ ಇಪ್ಪತ್ತು ನಿಮಿಷ ಕಥೆ ಕೇಳಿದರೆ ಅದಕ್ಕೆ ಚಟವೆಂಬ ಹೆಸರು.

ಹಾಗೆಂದು ಬರುವ ಕಥೆಗಳೆಲ್ಲವೂ ಅವಳ ಗಮನಕ್ಕೆ ಯೋಗ್ಯವೆಂದು ನಾನು ವಾದಿಸಲಾರೆ. ಒಡವೆ ಹೇರಿಕೊಂಡು ಮಲಗುವ ಸೊಸೆಯರು, ವಿಷ ಬೆರೆಸುವುದನ್ನೇ ನಿತ್ಯಕರ್ಮವಾಗಿಸಿಕೊಂಡ ಅತ್ತೆಯರು, ಮುಗಿಯಲೊಲ್ಲದ ಮದುವೆಗಳು ಸಾಕಷ್ಟಿವೆ. ದುಡಿದು ದಣಿದವಳ ಅರ್ಧ ಗಂಟೆ ಬೆಲೆಯುಳ್ಳದ್ದು ಎಂಬ ಕಾರಣಕ್ಕೇ ಅದನ್ನು ಕಸದಿಂದ ತುಂಬುವುದು ಅಪಚಾರ. ಒಳ್ಳೆಯ ಮೇಲ್ಪಂಕ್ತಿಗಳು ನಮ್ಮಲ್ಲಿಲ್ಲದೆ ಇಲ್ಲ. ಆರ್. ಕೆ. ನಾರಾಯಣರ ಕಥೆಗಳನ್ನು ಆಗುಂಬೆಯ ಬೀದಿಗಿಳಿಸಿ ‘ಮಾಲ್ಗುಡಿ ಡೇಸ್’ ಮಾಡಿದ ಶಂಕರ್ ನಾಗ್ ನಮ್ಮ ಹೊನ್ನಾವರದ ಕಡೆಯವರೇ. ಭೈರಪ್ಪನವರ ‘ಗೃಹಭಂಗ’ವನ್ನು ಗಿರೀಶ ಕಾಸರವಳ್ಳಿಯವರು ಧಾರಾವಾಹಿಯಾಗಿಸಿದಾಗ, ಕಾದಂಬರಿಯನ್ನು ಓದಲು ಬಿಡುವೇ ದೊರೆಯದಿದ್ದವರ ಮನೆಗೂ ನಂಜಮ್ಮ ಬಂದಳು. ಈ ಮಾಧ್ಯಮದಲ್ಲಿ ಗಂಭೀರವಾದದ್ದನ್ನು ಹೇಳಲಾಗದೆಂಬ ಮಾತಿಗೆ ಇವೇ ಉತ್ತರ.

ಹಾಗಾದರೆ ಬಿಡುವಿಲ್ಲದ ಮನೆಯವರು ಏನು ಮಾಡಬೇಕು? ನನ್ನ ಸೂಚನೆ ಬಹಳ ಸಣ್ಣದು. ನಾಲ್ಕಾರು ಧಾರಾವಾಹಿಗಳ ಬೆನ್ನು ಹತ್ತುವುದು ಯಾರಿಂದಲೂ ಆಗದ ಕೆಲಸ. ಮನೆಯಾಕೆಗೆ ನಿಜವಾಗಿ ಪ್ರಿಯವಾದ ಒಂದನ್ನು ಅವಳೇ ಆರಿಸಿಕೊಳ್ಳಲಿ. ಆ ಅರ್ಧ ಗಂಟೆ ಅವಳು ಕುಳಿತು ನೋಡಲಿ. ಅಷ್ಟು ಹೊತ್ತು ಅನ್ನದ ಕುಕ್ಕರಿನ ಸೀಟಿ ಎಣಿಸುವುದು, ಅಪ್ಪನಿಗೆ ಮಾತ್ರೆ ಕೊಡುವುದು, ಮಗುವಿನ ಲೆಕ್ಕ ನೋಡುವುದು ಮನೆಯ ಗಂಡಸಿಗೆ ಅಸಾಧ್ಯವಾದ ವಿದ್ಯೆಯೇನಲ್ಲ. 1987ರ ಭಾನುವಾರಗಳಲ್ಲಿ ಇಡೀ ಮನೆ ಸೇರಿ ಸೀತಾರಾಮರಿಗಾಗಿ ಬಿಡುವು ಮಾಡಿಕೊಂಡಿತ್ತು. ಅದೇ ಮನೆ ಅದೇ ಬಿಡುವನ್ನು ಒಬ್ಬಳಿಗಾಗಿಯೂ ಮಾಡಿಕೊಡಬಲ್ಲದು.

ಇನ್ನೂ ಒಂದು ಮಾತು. ಕಂತು ಮುಗಿದ ಮೇಲೆ, ಊಟಕ್ಕೆ ಕುಳಿತಾಗ, ಅಂದಿನ ಕಥೆಯನ್ನು ಅವಳ ಬಾಯಿಂದ ಕೇಳಿ. ಬೇಲಿಯ ಬಳಿ ನಿಂತು ಹೋದ ಆ ಮಾತು ಊಟದ ಮನೆಯಲ್ಲಿ ಮುಂದುವರಿಯಲಿ. ಯಾವ ಪಾತ್ರ ಮಾಡಿದ್ದು ಸರಿ, ಯಾವುದು ತಪ್ಪು ಎಂದು ಅವಳು ಹೇಳುವುದನ್ನು ಗಮನವಿಟ್ಟು ಕೇಳಿದವರಿಗೆ, ಅವಳ ಮನಸ್ಸಿನಲ್ಲಿ ಬಹುಕಾಲದಿಂದ ಆಡದೆ ಉಳಿದ ಕೆಲವು ಮಾತುಗಳೂ ಕೇಳಿಸಬಹುದು.