ಕಂಪ್ಯೂಟರಿನ ಸಾಹಸದ ಆಟವನ್ನು ಆಡುವ ಬಗೆ
(ವಾಚನಾಲಯದಲ್ಲಿ ಮಾಡಿದ ಭಾಷಣ)



ಅಹಮದಾಬಾದಿನ ಕಾಲೂಪುರ ನಿಲ್ದಾಣದಲ್ಲಿ ಮೊದಲ ಸಲ ಇಳಿದ ದಿನ ನೆನಪಿದೆಯಷ್ಟೆ? ಫಲಕಗಳ ಗುಜರಾತಿ ಅಕ್ಷರ ನಮಗೆ ತಿಳಿಯದು. ನೋಡುತ್ತ, ಕೇಳುತ್ತ ದಾರಿ ಹಿಡಿದೆವು. ಈ ಆಟದ ರೀತಿಯೂ ಅದೇ.

ಇದರ ಹೆಸರು ‘ಬಿನೀತ್ ಎ ಸ್ಟೀಲ್ ಸ್ಕೈ’. ಇಂಗ್ಲೆಂಡಿನ ರೆವಲ್ಯೂಷನ್ ಸಂಸ್ಥೆ 1994ರಲ್ಲಿ ಹೊರತಂದಿತು; 2003ರಿಂದ ಉಚಿತ. ‘ಸ್ಕಮ್‌ವಿಎಂ’ ಎಂಬ ತಂತ್ರಾಂಶವೂ ಉಚಿತವೆ; ಅದಿದ್ದರೆ ಹಳೆಯ ಕಂಪ್ಯೂಟರಿನಲ್ಲೂ ಆಟ ನಡೆಯುತ್ತದೆ. ಕಥಾನಾಯಕ ಫಾಸ್ಟರನನ್ನು ಬಲವಂತದಿಂದ ಮಹಾನಗರಕ್ಕೆ ತಂದಿದ್ದಾರೆ. ತಪ್ಪಿಸಿಕೊಂಡು ಒಂದು ಕಾರ್ಖಾನೆಯೊಳಗೆ ಸೇರಿದ್ದಾನೆ.

ಮೌಸಿನ ಎಡಗುಂಡಿ ಒತ್ತಿದರೆ ಅವನು ನಡೆಯುತ್ತಾನೆ, ವಸ್ತುವನ್ನು ಪರೀಕ್ಷಿಸುತ್ತಾನೆ. ಬಲಗುಂಡಿ ಒತ್ತಿದರೆ ಎತ್ತಿಕೊಳ್ಳುತ್ತಾನೆ, ಜನರನ್ನು ಮಾತಾಡಿಸುತ್ತಾನೆ. ಬಾಣದ ಗುರುತನ್ನು ತೆರೆಯ ಮೇಲ್ತುದಿಗೆ ಒಯ್ದರೆ ಅವನಲ್ಲಿರುವ ಸಾಮಾನು ಕಾಣುತ್ತದೆ. ಅವನು ಸಾಯುವ ಸಂದರ್ಭಗಳೂ ಉಂಟು; ಆದ್ದರಿಂದ ಆಗಾಗ ಆಟವನ್ನು ‘ಸೇವ್’ ಮಾಡಿಡಬೇಕು.

ಮೊದಲ ಬಾಗಿಲಲ್ಲೇ ನಾನು ಎರಡು ಸಂಜೆ ಒದ್ದಾಡಿದೆ. ಇಂಗ್ಲಿಷ್ ಬಾರದೆಂದು ದೂರ ನಿಂತಿದ್ದ ಮಗ್ಗದ ವಿಭಾಗದ ಹಿರಿಯರೊಬ್ಬರು, “ರಾಯರ, ಆ ಮೆಟ್ಟಿಲಿನ ಸರಳು ನೋಡೀರೇನ್ರಿ?” ಎಂದರು. ಅದನ್ನು ಕಿತ್ತು ಮೀಟಿದಾಗ ಬಾಗಿಲು ತೆರೆಯಿತು! ಮೆಟ್ರಿಕ್ ಓದಿದ ನನಗೆ ಅದು ಕಂಡಿರಲಿಲ್ಲ.

ಆದ್ದರಿಂದ ನನ್ನ ಬಿನ್ನಹವಿಷ್ಟೆ. ಉತ್ತರವನ್ನು ಬೇರೆಡೆ ಹುಡುಕಲು ಅವಸರಪಡಬೇಡಿ. ಇಬ್ಬರು ಮೂವರು ಕೂಡಿ ಕುಳಿತುಕೊಳ್ಳಿ. ಓದಬಲ್ಲವರು ಓದಿ ಕನ್ನಡದಲ್ಲಿ ಹೇಳಲಿ. ಉಳಿದವರು ಮೂಲೆಮೂಲೆಯನ್ನೂ ನೋಡಲಿ. ಇಂಗ್ಲಿಷ್ ಬಾರದೆಂದು ಯಾರೂ ಹೊಸ್ತಿಲಲ್ಲಿ ನಿಲ್ಲಬೇಡಿ, ಒಳಗೆ ಬನ್ನಿ.