ದೇಹಕ್ಕೆ ನಿವೃತ್ತಿಯುಂಟು, ಬುದ್ಧಿಗೆ?



ನಮ್ಮ ಕರ್ನಾಟಕದ ಸಯ್ಯದ್ ಕಿರ್ಮಾನಿಯವರ ಹೆಸರು ನಿಮಗೆ ಗೊತ್ತಿದೆ. 1983ರಲ್ಲಿ ಭಾರತ ವಿಶ್ವಕಪ್ ಗೆದ್ದಾಗ ಅವರೇ ವಿಕೆಟ್ ಕೀಪರ್. 88 ಟೆಸ್ಟ್ ಆಡಿದ ಅವರ ಕೊನೆಯ ಟೆಸ್ಟ್ ನಡೆದದ್ದು 1986ರ ಜನವರಿಯಲ್ಲಿ. ಆಗ ಅವರಿಗೆ ವಯಸ್ಸು ಎಷ್ಟು? ಕೇವಲ 36. ಒಂದು ಸರಕಾರಿ ಕಚೇರಿಯಲ್ಲಿ 36 ವರ್ಷದವನನ್ನು ಎಲ್ಲರೂ ಹುಡುಗ ಎನ್ನುತ್ತಾರೆ. ಮೈದಾನದಲ್ಲಿ ಅವನೇ ಮುದುಕ!

ಇದರಲ್ಲಿ ಆಟಗಾರನ ತಪ್ಪೇನಿಲ್ಲ. ಮೂವತ್ತು ದಾಟಿದ ಮೇಲೆ ಸ್ನಾಯುಗಳು ನಿಧಾನವಾಗಿ ಕರಗತೊಡಗುತ್ತವೆ, ದೇಹ ಆಮ್ಲಜನಕವನ್ನು ಬಳಸಿಕೊಳ್ಳುವ ಶಕ್ತಿಯೂ ಇಳಿಯುತ್ತದೆ. ವ್ಯಾಯಾಮ ಈ ಇಳಿತವನ್ನು ತಡೆದು ನಿಧಾನಗೊಳಿಸಬಹುದು, ನಿಲ್ಲಿಸಲಾರದು. ಮ್ಯಾರಥಾನ್ ಓಟದ ಅಜ್ಜ ಫೌಜಾ ಸಿಂಗರನ್ನೇ ನೋಡಿ. ಅವರ ಜನನ ಪತ್ರ ಇರಲಿಲ್ಲವಾದ್ದರಿಂದ ವಯಸ್ಸಿನ ಬಗ್ಗೆ ವಿವಾದವಿತ್ತು. ತಾನು ಹುಟ್ಟಿದ್ದು 1911ರಲ್ಲಿ ಎಂದು ಅವರು ಹೇಳುತ್ತಿದ್ದರು. 2003ರಲ್ಲಿ ಟೊರಾಂಟೊ ನಗರದಲ್ಲಿ ಮ್ಯಾರಥಾನನ್ನು 5 ಗಂಟೆ 40 ನಿಮಿಷದಲ್ಲಿ ಮುಗಿಸಿದ ಅವರಿಗೆ ಅದೇ ನಗರದಲ್ಲಿ 2011ರಲ್ಲಿ ಬೇಕಾದದ್ದು 8 ಗಂಟೆ 11 ನಿಮಿಷ. ಅಂಥ ಉಕ್ಕಿನ ಮನುಷ್ಯನಿಂದಲೂ ಎಂಟು ವರ್ಷಗಳು ಎರಡೂವರೆ ಗಂಟೆಯನ್ನು ಕಿತ್ತುಕೊಂಡವು.

ಈಗ ಇನ್ನೊಬ್ಬರ ಕಥೆ ಕೇಳಿ. ತುರ್ಕಿಯ ವಾಸ್ತುಶಿಲ್ಪಿ ಸಿನಾನ್ ಸುಮಾರು 1490ರಲ್ಲಿ ಹುಟ್ಟಿದವರು. ಯೌವನವೆಲ್ಲ ಸೈನ್ಯದಲ್ಲಿ, ಸೇತುವೆ ಕಟ್ಟುವುದರಲ್ಲಿ ಕಳೆಯಿತು. ಒಟ್ಟೋಮನ್ ಸಾಮ್ರಾಜ್ಯದ ಮುಖ್ಯ ವಾಸ್ತುಶಿಲ್ಪಿಯಾದಾಗ, ಅಂದರೆ 1539ರ ಸುಮಾರಿಗೆ, ಅವರಿಗೆ ಐವತ್ತರ ಹತ್ತಿರ. ನಮ್ಮಲ್ಲಿ ಆ ವಯಸ್ಸಿಗೆ ಪಿಂಚಣಿಯ ಲೆಕ್ಕ ಶುರುವಾಗಿರುತ್ತದೆ! ಅಲ್ಲಿಂದ ಮುಂದೆ ಅವರು ಕಟ್ಟಿದ ಮೂರು ಮಸೀದಿಗಳ ಬಗ್ಗೆ ಅವರೇ ಕೊಟ್ಟ ತೀರ್ಪು ಪ್ರಸಿದ್ಧವಾಗಿದೆ. ಇಸ್ತಾಂಬುಲಿನ ಷೆಹಜಾದೆ ಮಸೀದಿ ಶಿಷ್ಯವೃತ್ತಿಯ ಕೆಲಸ. 1557ರಲ್ಲಿ ಮುಗಿದ ಸುಲೇಮಾನಿಯೆ ಕೈ ಪಳಗಿದ ಕೆಲಸಗಾರನದು. ಎದಿರ್ನೆಯ ಸೆಲಿಮಿಯೆ ಮಾತ್ರ ಉಸ್ತಾದನ ಕೆಲಸ.

ಸೆಲಿಮಿಯೆ 1575ರ ಹೊತ್ತಿಗೆ ಪೂರ್ಣಗೊಂಡಾಗ ಸಿನಾನರಿಗೆ ಎಂಬತ್ತು ದಾಟಿತ್ತು. ಸುಮಾರು 31 ಮೀಟರ್ ಅಗಲದ ಗುಮ್ಮಟವನ್ನು ಎಂಟು ಕಂಬಗಳ ಮೇಲೆ ನಿಲ್ಲಿಸಿ, ಕೆಳಗಿನ ಜಾಗವನ್ನೆಲ್ಲ ಒಂದೇ ಬಯಲಿನಂತೆ ತೆರೆದಿಟ್ಟರು. ಸುಲೇಮಾನಿಯೆಯ ನಕ್ಷೆಯನ್ನೇ ಮತ್ತೊಮ್ಮೆ ಬಿಡಿಸಿದ್ದರೂ ಯಾರೂ ಬೇಡ ಎನ್ನುತ್ತಿರಲಿಲ್ಲ. ಆದರೂ ಹಳೆಯದನ್ನು ಬಿಟ್ಟು ಹೊಸ ಲೆಕ್ಕ ಹಾಕಿದರು. 2011ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕಲ್ಲು ಹೊತ್ತವರು ಸಿನಾನರಲ್ಲ, ಅದಕ್ಕೆ ಸಾವಿರಾರು ಕೈಗಳಿದ್ದವು. ಲೆಕ್ಕ ಮತ್ತು ಕಲ್ಪನೆ ಮಾತ್ರ ಆ ಮುದುಕರದು.

ಹಾಗಾದರೆ ಬುದ್ಧಿಗೆ ಮುಪ್ಪಿಲ್ಲವೇ? ಇದೆ. ಹೊಸ ವಿಷಯವನ್ನು ಥಟ್ಟನೆ ಗ್ರಹಿಸುವ ವೇಗ ವಯಸ್ಸಿನೊಂದಿಗೆ ಇಳಿಯುತ್ತದೆ. ಎದುರಿಗಿರುವವರ ಹೆಸರು ನಾಲಿಗೆಯ ತುದಿಯಲ್ಲೇ ನಿಂತುಬಿಡುತ್ತದೆ. ಆದರೆ ಶಬ್ದಸಂಪತ್ತು, ಅನುಭವದಿಂದ ಬಂದ ವಿವೇಚನೆ, ದೂರದ ಎರಡು ಸಂಗತಿಗಳನ್ನು ಜೋಡಿಸಿ ನೋಡುವ ಕಲೆ ಬಹುಕಾಲ ಉಳಿಯುತ್ತವೆ. ನಿಘಂಟುಕಾರ ಪ್ರೊ. ಜಿ. ವೆಂಕಟಸುಬ್ಬಯ್ಯನವರು 'ಇಗೋ ಕನ್ನಡ' ಅಂಕಣ ಆರಂಭಿಸಿದ್ದು 1991ರಲ್ಲಿ, ಎಪ್ಪತ್ತೇಳು ದಾಟಿದ ಮೇಲೆ. ಓದುಗರು ಕೇಳಿದ ಪದಗಳಿಗೆಲ್ಲ ಉತ್ತರಿಸುತ್ತ ವರ್ಷಗಟ್ಟಲೆ ಬರೆದರು. ಅವರು 2021ರಲ್ಲಿ ತೀರಿಕೊಂಡಾಗ ವಯಸ್ಸು 107.

ಎಲ್ಲರೂ ಸಿನಾನ್ ಆಗಲಾರರು ಎಂದು ನೀವು ಹೇಳಬಹುದು. ನಿಜ. ಮರೆವಿನ ಕಾಯಿಲೆ ಬಂದವರನ್ನು ಸೋಮಾರಿಗಳೆಂದು ಹಳಿಯುವುದೂ ಅನ್ಯಾಯ, ಅದು ರೋಗ. ಆದರೆ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಈ ರೋಗಕ್ಕೆ ಸಂಬಂಧಿಸಿದ, ಬದಲಾಯಿಸಬಹುದಾದ 14 ಅಪಾಯಗಳನ್ನು ಗುರುತಿಸಿತು. ಅವುಗಳಲ್ಲಿ ರಕ್ತದೊತ್ತಡ, ಮಧುಮೇಹ, ಚಿಕಿತ್ಸೆ ಪಡೆಯದ ಕಿವುಡು, ಒಂಟಿತನ ಇವೆ. ಬಾಲ್ಯದಲ್ಲಿ ಶಾಲೆ ತಪ್ಪಿದ್ದೂ ಇದೆ! ಹೆಣ್ಣುಮಗಳನ್ನು ಏಳನೆಯ ತರಗತಿಗೆ ಬಿಡಿಸುವ ತಂದೆತಾಯಿಗಳು ಅವಳ ಎಪ್ಪತ್ತನೆಯ ವರ್ಷದಿಂದಲೂ ಏನನ್ನೋ ಕಸಿದುಕೊಳ್ಳುತ್ತಿದ್ದಾರೆ ಎಂಬುದನ್ನು ಗಮನಿಸಬೇಕು. ಇನ್ನು ಕಿವಿ ಕೇಳಿಸದ ಅಜ್ಜನಿಗೆ ಶ್ರವಣ ಸಾಧನ ಕೊಡಿಸಲು ಹಿಂದೆಮುಂದೆ ನೋಡುವ ನಾವು ಮದುವೆಯ ಬಿರಿಯಾನಿಗೆ ಲೆಕ್ಕ ನೋಡುವುದಿಲ್ಲ.

ಸಿನಾನರ ಕಥೆಯಲ್ಲಿ ನಾವು ಮರೆಯುವ ಒಂದು ಅಂಶವಿದೆ. ಎಂಬತ್ತರ ಹತ್ತಿರದ ಮನುಷ್ಯನಿಗೆ ಸುಲ್ತಾನ ಎರಡನೆಯ ಸೆಲೀಮ್ "ನೀವಿನ್ನು ವಿಶ್ರಾಂತಿ ತೆಗೆದುಕೊಳ್ಳಿ" ಎನ್ನಲಿಲ್ಲ, ಕೆಲಸ ಕೊಟ್ಟ. ನಮ್ಮ ಮೊಹಲ್ಲಾಗಳಲ್ಲಿ ಅರವತ್ತಕ್ಕೆ ನಿವೃತ್ತರಾದ ಗಣಿತದ ಮಾಸ್ತರು ಮರುದಿನದಿಂದ ಅಂಗಡಿಯ ಕಟ್ಟೆಯ ಮೇಲೆ ಕುಳಿತಿರುತ್ತಾರೆ. ಹತ್ತು ಹೆಜ್ಜೆಯಾಚೆ ಎಸ್.ಎಸ್.ಎಲ್.ಸಿ. ಹುಡುಗ ಗಣಿತದಲ್ಲಿ ನಪಾಸಾಗುತ್ತಾನೆ. ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಲು ಬೇಕಾದದ್ದು ಒಂದು ಹಲಗೆ, ಒಂದು ಡಬ್ಬಿ ಸೀಮೆಸುಣ್ಣ. ಮಾಸ್ತರು ತಮ್ಮ ಹಳೆಯ ಟಿಪ್ಪಣಿಯನ್ನೇ ಓದಿದರೆ ಸಾಲದು, ಈಗಿನ ಪುಸ್ತಕ ತೆರೆಯಬೇಕಾಗುತ್ತದೆ. ಅವರ ಬುದ್ಧಿಗೆ ಬೇಕಾದ ವ್ಯಾಯಾಮವೂ ಅದೇ.

ವಿದ್ಯಾರ್ಥಿಗಳೇ, ನಿಮ್ಮ ದಾದಿ, ನಾನಿಯರಲ್ಲಿ ಅಕ್ಷರ ಕಲಿಯದವರು ಎಷ್ಟೋ ಮಂದಿ ಇದ್ದಾರೆ. ಮೊಬೈಲಿನಲ್ಲಿ ಮಗನ ಹೆಸರು ಓದಲು ಅವರಿಗೆ ಯಾರೂ ಕಲಿಸಿಲ್ಲ. ಅದನ್ನು ನೀವು ಕಲಿಸಬಹುದು. ಸಂಘದ ಸದಸ್ಯರಲ್ಲಿ ನನ್ನ ಕೋರಿಕೆ ಇಷ್ಟೇ: ಇಂದು ಸಭೆ ಮುಗಿಯುವ ಮೊದಲು ಒಂದು ಹಾಳೆ ಹಿಡಿದು, ಇಲ್ಲಿ ಬಂದಿರುವ ನಿವೃತ್ತರ ಹೆಸರು, ಅವರು ಯಾವ ವಿಷಯ ಬಲ್ಲರು, ವಾರದಲ್ಲಿ ಯಾವ ಸಂಜೆ ಬಿಡುವು ಎಂಬುದನ್ನು ಬರೆದುಕೊಳ್ಳಿ. ಹೆಂಗಸರ ಸಾಲಿಗೂ ಆ ಹಾಳೆ ಹೋಗಲಿ.