ಬಿಸಿಲೂ ದುಡಿಮೆಗಾರನೂ

(ಗಿರಣಿ ಬಾಗಿಲ ಸಭೆಯಲ್ಲಿ ಮಾಡಿದ ಭಾಷಣ)



ಬಿಸಿಲು ಎಲ್ಲರಿಗೂ ಒಂದೇ ಎನ್ನುವವರುಂಟು. ನೆರಳು ಮಾತ್ರ ಎಲ್ಲರಿಗೂ ಒಂದೇ ಅಲ್ಲ. ಗಿರಣಿಗಳ ಊರೆಂದು ಹೆಸರಾಗಿದ್ದ ಅಹಮದಾಬಾದಿನಲ್ಲಿ 2010ರ ಮೇ ತಿಂಗಳಲ್ಲಿ ಉಷ್ಣತೆ 46.8 ಡಿಗ್ರಿಗೆ ಏರಿತು. ಆ ಒಂದೇ ತಿಂಗಳಲ್ಲಿ ವಾಡಿಕೆಗಿಂತ 1,344 ಸಾವು ಹೆಚ್ಚಾದವು. ಆ ಬಳಿಕವೇ, 2013ರಲ್ಲಿ, ಅಲ್ಲಿನ ನಗರಪಾಲಿಕೆ ಬಿಸಿಲಿನ ಮುನ್ನೆಚ್ಚರಿಕೆಗೆ ಯೋಜನೆ ಮಾಡಿತು.

ಬೆವರು ಆರಿದರೆ ಮೈ ತಣಿಯುತ್ತದೆ. ನೂಲು ಹರಿಯದಿರಲೆಂದು ಗಿರಣಿಯ ಗಾಳಿಗೆ ತೇವ ಬಿಡುತ್ತಾರೆ. ಅಲ್ಲಿ ಬೆವರು ಬೇಗ ಆರುವುದಿಲ್ಲ. ಆದ್ದರಿಂದ ಬಾಯಾರುವ ಮೊದಲೇ ನೀರು, ಮಜ್ಜಿಗೆ ಕುಡಿಯಿರಿ. ಅಂಗಡಿಯವರೇ, ಹಮಾಲರಿಗೆ ಮಧ್ಯಾಹ್ನದ ಹೊರೆ ತಪ್ಪಿಸಿ. ಬಾಗಿಲಲ್ಲಿ ಒಂದು ಅರವಟಿಗೆ ಇಡಿ. ಜೊತೆಗಾರನ ಮೈ ಸುಡುತ್ತಿದ್ದು ಮಾತು ತಡವರಿಸಿದರೆ ನೆರಳಿಗೆ ಒಯ್ಯಿರಿ, ಮೈಮೇಲೆ ನೀರು ಸುರಿದು ಗಾಳಿ ಬೀಸಿ, ಕೂಡಲೇ ಆಸ್ಪತ್ರೆಗೆ ಸೇರಿಸಿ. ಪ್ರಜ್ಞೆ ತಪ್ಪಿದವನ ಬಾಯಿಗೆ ನೀರು ಹಾಕಬೇಡಿ.

250ಕ್ಕಿಂತ ಹೆಚ್ಚು ಮಂದಿ ದುಡಿಯುವ ಕಾರ್ಖಾನೆಯಲ್ಲಿ ಬೇಸಿಗೆಗೆ ತಂಪು ನೀರು ಕೊಡಬೇಕೆಂದು 1948ರ ಕಾಯಿದೆಯೇ ವಿಧಿಸಿತ್ತು. ಅದು ಧಣಿಗಳ ದಾನವಲ್ಲ, ನಮ್ಮ ಹಕ್ಕು. ದಣಿವಾರಿಸಿಕೊಂಡ ಗಳಿಗೆಗೆ ಕೂಲಿ ಮುರಿಯಬಾರದೆಂದೂ ಒಟ್ಟಾಗಿ ಕೇಳೋಣ.